ಸೂಜಿಯ ನಂತರದ ಅರ್ಧ ಗಂಟೆ

ಲಸಿಕೆ ಹಾಕಿಸಿಕೊಂಡು ಮನೆಗೆ ಬಂದ ಬೆಕ್ಕು ಎರಡು ಸಲ ವಾಂತಿ ಮಾಡಿ, ಜೊಲ್ಲು ಸುರಿಸುತ್ತ ಮೂಲೆ ಸೇರಿ, ಬಾಯಿ ತೆರೆದು ಉಸಿರಾಡತೊಡಗಿದರೆ ಮನೆಯವರ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಈಗ ಏನು ಮಾಡಬೇಕು ಎನ್ನುವುದು ಒಂದು. ಮುಂದಿನ ಸಲ ಇದೇ ಲಸಿಕೆ ಹಾಕಿಸಬೇಕೇ, ಬಿಟ್ಟುಬಿಡಬೇಕೇ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ನಿಮಿಷಗಳಲ್ಲಿ ಬೇಕು, ಎರಡನೆಯದನ್ನು ನಿಧಾನವಾಗಿ ಯೋಚಿಸಬೇಕು. ಎಷ್ಟೋ ಮನೆಗಳಲ್ಲಿ ಇದು ತಿರುಗುಮುರುಗಾಗುತ್ತದೆ. ಸಂಜೆಯವರೆಗೆ ನೋಡೋಣ ಎಂದು ಕಾಯುತ್ತಾರೆ. ಆಮೇಲೆ ಹೆದರಿ, ಇನ್ನು ಲಸಿಕೆಯ ಸಹವಾಸವೇ ಬೇಡ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸುತ್ತಾರೆ.

ನಾಶಿಕ್ ಮತ್ತು ಛತ್ರಪತಿ ಸಂಭಾಜಿನಗರದಂಥ ಊರುಗಳಲ್ಲಿ ಈ ಪ್ರಶ್ನೆಗೆ ಬೇರೆಯದೇ ತೂಕವಿದೆ. ಗಂಗಾಪುರ ರಸ್ತೆ, ಇಂದಿರಾನಗರ, ಗಾರಖೇಡಾ, ಎರಡೂ ಊರಿನ ಸಿಡ್ಕೊ ಬಡಾವಣೆಗಳ ಫ್ಲ್ಯಾಟುಗಳಲ್ಲಿ ಬೆಕ್ಕು ಈಗ ಇಲಿ ಹಿಡಿಯಲು ಬಂದುಹೋಗುವ ಪ್ರಾಣಿಯಲ್ಲ, ಮನೆಯ ಸದಸ್ಯ. ಆದರೆ ರಾಜ್ಯದ ಹಳೆಯ ಪಶುವೈದ್ಯ ಕಾಲೇಜುಗಳೆಲ್ಲ ದೂರ. 1886ರಲ್ಲಿ ಶುರುವಾದ ಮುಂಬೈ ಪಶುವೈದ್ಯ ಕಾಲೇಜು ಪರೇಲ್‌ನಲ್ಲಿದೆ, ನಾಶಿಕ್‌ನಿಂದ ಸುಮಾರು 170 ಕಿಲೋಮೀಟರ್. ಸಂಭಾಜಿನಗರದವರಿಗೆ ಪರಭಣಿ, ಅದರಾಚೆ ನಮ್ಮ ಬೀದರಿಗೆ ಹತ್ತಿರದ ಉದಗೀರ್. ಅಲರ್ಜಿಯ ಆಘಾತಕ್ಕೆ ಗುರಿಯಾದ ಬೆಕ್ಕಿಗೆ ಈ ದೂರಗಳಿಂದ ಏನೂ ಉಪಯೋಗವಿಲ್ಲ. ಅದನ್ನು ಉಳಿಸಬಲ್ಲದ್ದು ಲಸಿಕೆ ಹಾಕಿದ ಆ ಪುಟ್ಟ ದವಾಖಾನೆಯೇ, ಅದೂ ಬೆಕ್ಕು ಇನ್ನೂ ಅಲ್ಲೇ ಇದ್ದರೆ. ಹೀಗಾಗಿ ದೊಡ್ಡ ಆಸ್ಪತ್ರೆ ಎಷ್ಟು ದೂರ ಎಂಬುದಕ್ಕಿಂತ ಸೂಜಿಯ ನಂತರದ ಅರ್ಧ ಗಂಟೆಯನ್ನು ಎಲ್ಲಿ ಕಳೆದೆವು ಎಂಬುದೇ ಮುಖ್ಯವೆಂದು ನಾನು ನಂಬಿದ್ದೇನೆ.

ಹೆದರಿಕೆಗೆ ಎಷ್ಟು ಆಧಾರವಿದೆ? 2007ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು 2002ರಿಂದ 2005ರವರೆಗೆ ಲಸಿಕೆ ಪಡೆದ 4,96,189 ಬೆಕ್ಕುಗಳ ದಾಖಲೆ ನೋಡಿತು. ಲಸಿಕೆಯ 30 ದಿನಗಳೊಳಗೆ ಯಾವುದಾದರೂ ತೊಂದರೆ ಕಾಣಿಸಿಕೊಂಡ ಪ್ರಕರಣಗಳು 2,560. ಅಂದರೆ ಹತ್ತು ಸಾವಿರಕ್ಕೆ ಸುಮಾರು 52, ಇನ್ನೂರರಲ್ಲಿ ಒಂದು. ಆ ಒಂದರಲ್ಲೂ ಅರ್ಧಕ್ಕಿಂತ ಹೆಚ್ಚು ಕಂಡದ್ದು ಮಂಕು, ಜತೆಗೆ ಕೆಲವಕ್ಕೆ ಜ್ವರ, ಅಷ್ಟೇ. ಸೂಜಿ ಚುಚ್ಚಿದಲ್ಲಿ ಊತ ಅದರ ನಂತರದ್ದು. ಪ್ರಾಣಕ್ಕೆ ಎರವಾಗುವ ಆಘಾತ ಇವೆಲ್ಲಕ್ಕಿಂತ ಬಹಳ ಅಪರೂಪ. ಅದೇ ಅಧ್ಯಯನ ಹೇಳಿದ ಇನ್ನೊಂದು ಮಾತು ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ: ಒಂದೇ ಭೇಟಿಯಲ್ಲಿ ಹಾಕುವ ಲಸಿಕೆಗಳ ಸಂಖ್ಯೆ ಹೆಚ್ಚಿದಂತೆ ತೊಂದರೆಯ ಸಾಧ್ಯತೆಯೂ ಏರುತ್ತದೆ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು ರೋಗ. 2025ರ ಮಾರ್ಚ್‌ನಲ್ಲಿ ರಾಯಚೂರು ಜಿಲ್ಲೆಯಿಂದ ಬಂದ ಸುದ್ದಿಯನ್ನು ಓದುಗರು ಮರೆತಿರಲಾರರು. ಪ್ಯಾನ್‌ಲ್ಯುಕೋಪೆನಿಯಾ ಎಂಬ ವೈರಸ್ ರೋಗಕ್ಕೆ ಅಲ್ಲಿ ಹತ್ತಾರು ಬೆಕ್ಕುಗಳು ಸತ್ತವು. ಈ ವೈರಸ್ಸಿಗೆ ನೇರ ಔಷಧವಿಲ್ಲ. ಲಸಿಕೆಯಿಲ್ಲದ ಮರಿಗಳಿಗೆ ತಗುಲಿದರೆ ಅರ್ಧಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಮನುಷ್ಯರಿಗೆ ಅದು ಬರುವುದಿಲ್ಲ, ಆದರೆ ನಮ್ಮ ಚಪ್ಪಲಿಗೆ ಅಂಟಿಕೊಂಡು ಮೂರನೆಯ ಮಹಡಿಯ ಬೆಕ್ಕನ್ನೂ ತಲುಪಬಲ್ಲದು. ನಮ್ಮ ಬೆಕ್ಕು ಹೊರಗೆ ಹೋಗುವುದೇ ಇಲ್ಲ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಇನ್ನು ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬೆಕ್ಕೂ ಉಳಿಯುವುದಿಲ್ಲ, ಅದರಿಂದ ಕಚ್ಚಿಸಿಕೊಂಡು ರೋಗ ಹತ್ತಿಸಿಕೊಂಡವರೂ ಉಳಿಯುವುದಿಲ್ಲ ಎನ್ನಬಹುದು. ಇನ್ನೂರರಲ್ಲೊಂದು ಮಂಕಿಗೆ ಹೆದರಿ ಇವೆರಡಕ್ಕೆ ಬಾಗಿಲು ತೆರೆದಿಡುವುದನ್ನು ನಾನು ಒಪ್ಪಲಾರೆ.

ಹಾಗಾದರೆ ಯಾವುದು ಅಲರ್ಜಿ, ಯಾವುದು ಅಲ್ಲ? ಗೊಂದಲ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಲಸಿಕೆಯ ಮಾರನೆಯ ದಿನ ಬೆಕ್ಕು ಮಂಕಾಗಿ ಮಲಗುವುದು, ಊಟ ಕಡಿಮೆ ಮಾಡುವುದು, ಮೈ ಸ್ವಲ್ಪ ಬಿಸಿಯಾಗುವುದು, ಚುಚ್ಚಿದ ಜಾಗ ಮುಟ್ಟಿದರೆ ಗುರ್ ಎನ್ನುವುದು, ಇವು ದೇಹ ಲಸಿಕೆಯನ್ನು ಗುರುತಿಸಿ ಕೆಲಸಕ್ಕೆ ತೊಡಗಿದ ಲಕ್ಷಣಗಳು. ಒಂದೆರಡು ದಿನದಲ್ಲಿ ತಾವಾಗಿಯೇ ಇಳಿಯುತ್ತವೆ. ಕ್ಯಾಲಿಸಿವೈರಸ್ ಇರುವ ಜೀವಂತ ಲಸಿಕೆ ಪಡೆದ ಕೆಲವು ಮರಿಗಳು ಕೆಲ ದಿನಗಳ ಮೇಲೆ ಕುಂಟುವುದೂ ಉಂಟು, ಅದೂ ತಾತ್ಕಾಲಿಕ. ಮರಿ ಮೊದಲೇ ರೋಗ ಹತ್ತಿಸಿಕೊಂಡಿದ್ದು, ಅದು ಹೊರಗೆ ಕಾಣುವ ಮೊದಲೇ ಲಸಿಕೆ ಬಿದ್ದಿದ್ದರೆ, ನಾಲ್ಕೈದು ದಿನದಲ್ಲಿ ವಾಂತಿಭೇದಿ ಶುರುವಾಗುತ್ತದೆ. ಅಪವಾದ ಲಸಿಕೆಯ ತಲೆಗೆ ಕಟ್ಟಿಕೊಳ್ಳುತ್ತದೆ. ಬೀದಿಯಿಂದಲೋ ಮಾರಾಟದ ಅಂಗಡಿಯಿಂದಲೋ ನಿನ್ನೆ ತಂದ ಮರಿಗೆ ಇಂದು ಸೂಜಿ ಹಾಕಿಸಿದಾಗ ಹೀಗಾಗುವ ಸಂಭವ ಹೆಚ್ಚು.

ನಿಜವಾದ ಅಲರ್ಜಿ ಬರುವುದು ಬೇಗ. ಕೆಲವೇ ನಿಮಿಷಗಳಿಂದ ಕೆಲವು ಗಂಟೆಗಳೊಳಗೆ. ನಾಯಿಗೆ ಹೀಗಾದಾಗ ಮುಖ ಊದಿ, ಮೈಮೇಲೆ ದದ್ದು ಎದ್ದು, ನೋಡಿದವರಿಗೆ ತಕ್ಷಣ ತಿಳಿಯುತ್ತದೆ. ಬೆಕ್ಕಿನ ವಿಷಯ ಹಾಗಲ್ಲ. ಮುಸುಡಿ, ಕಣ್ಣಿನ ರೆಪ್ಪೆ, ಕಿವಿ ಊದಿಕೊಳ್ಳಬಹುದು, ಮುಖವನ್ನು ಕಾಲಿನಿಂದ ಕೆರೆದುಕೊಳ್ಳಬಹುದು, ಆದರೆ ಎಷ್ಟೋ ಸಲ ಚರ್ಮದ ಮೇಲೆ ಏನೂ ಕಾಣುವುದಿಲ್ಲ. ನಾಯಿಯಲ್ಲಿ ಆಘಾತ ಮುಖ್ಯವಾಗಿ ಯಕೃತ್ತಿಗೆ ಬಡಿದರೆ, ಬೆಕ್ಕಿನಲ್ಲಿ ಶ್ವಾಸಕೋಶಕ್ಕೂ ಹೊಟ್ಟೆ-ಕರುಳಿಗೂ ಬಡಿಯುತ್ತದೆ. ವಾಂತಿ, ಜೊಲ್ಲು, ಹಠಾತ್ ಭೇದಿ, ಆಮೇಲೆ ಏದುಸಿರು, ಒಸಡು ಬಿಳಿಚಿಕೊಳ್ಳುವುದು ಅಥವಾ ನೀಲಿಗಟ್ಟುವುದು, ಕಾಲು ತಣ್ಣಗಾಗಿ ಕುಸಿಯುವುದು. ಲಸಿಕೆಯ ಒಂದು ಗಂಟೆಯೊಳಗೆ ಪದೇ ಪದೇ ಬರುವ ವಾಂತಿಯನ್ನು ಹೊಟ್ಟೆ ಕೆಟ್ಟಿರಬೇಕು ಎಂದು ತಳ್ಳಿಹಾಕಬಾರದು. ಚಪ್ಪಟೆ ಮೂಗಿನ ಪರ್ಷಿಯನ್ ಬೆಕ್ಕುಗಳಲ್ಲಿ ಇನ್ನೂ ಎಚ್ಚರ ಬೇಕು. ಅವುಗಳ ಉಸಿರಿನ ದಾರಿ ಮೊದಲೇ ಇಕ್ಕಟ್ಟು.

ಇಲ್ಲಿ ಮರಾಠವಾಡಾದ ಬೇಸಿಗೆಯ ಮಾತನ್ನೂ ಹೇಳಬೇಕು. ಮೇ ತಿಂಗಳ ಮಧ್ಯಾಹ್ನ ಸಂಭಾಜಿನಗರದಲ್ಲಿ 40 ಡಿಗ್ರಿ ದಾಟಿದ ಬಿಸಿಲಲ್ಲಿ, ಆಟೊದ ಸದ್ದಿನಲ್ಲಿ, ಬುಟ್ಟಿಯೊಳಗೆ ಮುದುಡಿ ಬಂದ ಬೆಕ್ಕು ಸೂಜಿಗೆ ಮೊದಲೇ ಬಾಯಿ ತೆರೆದು ಉಸಿರಾಡುತ್ತಿರುತ್ತದೆ, ಜೊಲ್ಲು ಸುರಿಸಿರುತ್ತದೆ, ಕೆಲವೊಮ್ಮೆ ವಾಂತಿಯೂ ಆಗಿರುತ್ತದೆ. ಆ ಸ್ಥಿತಿಯಲ್ಲೇ ಲಸಿಕೆ ಹಾಕಿದರೆ ಆಮೇಲೆ ಬಂದದ್ದು ಸೆಕೆಯೋ, ಭಯವೋ, ಅಲರ್ಜಿಯೋ ಎಂದು ಬಿಡಿಸಿ ಹೇಳುವುದು ಒಳ್ಳೆಯ ವೈದ್ಯರಿಗೂ ಕಷ್ಟ. ಬೆಳಗಿನ ತಂಪಿನಲ್ಲಿ ಹೋಗಿ, ಬುಟ್ಟಿಗೆ ಬಟ್ಟೆ ಹೊದಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ, ಉಸಿರು ಇಳಿದ ಮೇಲೆ ತಾಪಮಾನ, ಉಸಿರಿನ ಲೆಕ್ಕ, ಒಸಡಿನ ಬಣ್ಣ ನೋಡಿ ಬರೆದಿಟ್ಟರೆ ನಂತರದ ಬದಲಾವಣೆ ಸ್ಪಷ್ಟವಾಗಿ ತಿಳಿಯುತ್ತದೆ. ಆರಾಮಾಗಿರುವ ಬೆಕ್ಕು ನಿಮಿಷಕ್ಕೆ 20ರಿಂದ 30 ಸಲ ಉಸಿರಾಡುತ್ತದೆ. ಮೈಬಿಸಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್.

ಮೊದಲ ಡೋಸ್‌ಗೆ ಏನೂ ಆಗಲಿಲ್ಲ, ಎರಡನೆಯದಕ್ಕೆ ಯಾಕೆ ಹೀಗಾಯಿತು ಎಂದು ಜನ ಕೇಳುತ್ತಾರೆ. 20ನೆಯ ಶತಮಾನದ ಹೊಸ್ತಿಲಲ್ಲಿ ಫ್ರಾನ್ಸಿನ ಶಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ ಕಂಡುಕೊಂಡದ್ದು ಇದನ್ನೇ. ಕಡಲಜೀವಿಯ ವಿಷವನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು ನಾಯಿಗಳಿಗೆ ರಕ್ಷಣೆ ಬೆಳೆಸಲು ಅವರು ಹೊರಟಿದ್ದರು. ಮೊದಲ ಸಲ ತಾಳಿಕೊಂಡ ನಾಯಿ, ಕೆಲವು ವಾರಗಳ ಮೇಲೆ ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣಕ್ಕೆ ನಿಮಿಷಗಳಲ್ಲಿ ಕುಸಿದು ಸತ್ತಿತು. ರಿಷೆ ಅದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. 1913ರಲ್ಲಿ ಅವರಿಗೆ ನೊಬೆಲ್ ಬಂತು. ಮೊದಲ ಭೇಟಿಯಲ್ಲಿ ದೇಹ ಆ ವಸ್ತುವಿನ ವಿರುದ್ಧ ಒಂದು ಬಗೆಯ ಪ್ರತಿಕಾಯಗಳನ್ನು ಕಟ್ಟಿಕೊಳ್ಳುತ್ತದೆ. ಅವು ಮಾಸ್ಟ್ ಕೋಶಗಳ ಮೇಲೆ ಕಾದು ಕೂತಿರುತ್ತವೆ. ಮುಂದಿನ ಭೇಟಿಯಲ್ಲಿ ಅದೇ ವಸ್ತು ಬಂದೊಡನೆ ಕೋಶಗಳು ಒಡೆದು ಹಿಸ್ಟಮಿನ್ ಮುಂತಾದವನ್ನು ಒಮ್ಮೆಗೇ ಸುರಿಯುತ್ತವೆ. ಲಸಿಕೆಯಲ್ಲಿ ಆ ವಸ್ತು ಸಾಮಾನ್ಯವಾಗಿ ರೋಗದ ವೈರಸ್ ಅಲ್ಲ. ವೈರಸ್ ಬೆಳೆಸುವಾಗ ಬಳಸಿದ ಕರುವಿನ ಸೀರಮ್ಮಿನ ಉಳಿಕೆ ಪ್ರೋಟೀನು, ಲಸಿಕೆ ಕೆಡದಂತೆ ಬೆರೆಸಿದ ಜೆಲಾಟಿನ್, ಇಂಥವುಗಳ ಮೇಲೆ ಸಂಶಯ ಹೆಚ್ಚು. ಕಂಪನಿಯಿಂದ ಕಂಪನಿಗೆ ಈ ಉಳಿಕೆಗಳು ಬೇರೆಯಾಗಿರುತ್ತವೆ. ಲಸಿಕೆಯ ಬ್ರ್ಯಾಂಡ್ ಬದಲಿಸಿ ನೋಡುವ ಸಲಹೆಗೆ ಆಧಾರ ಇದೇ.

ಈಗ ಚಿಕಿತ್ಸೆ. ಆಘಾತಕ್ಕೆ ಮೊದಲ ಔಷಧ ಅಡ್ರಿನಲಿನ್. ಬೆಕ್ಕಿನ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಮ್, ತೊಡೆಯ ಸ್ನಾಯುವಿಗೆ. ನಾಲ್ಕು ಕಿಲೋ ಬೆಕ್ಕಿಗೆ, ಮಿಲಿಲೀಟರಿಗೆ ಒಂದು ಮಿಲಿಗ್ರಾಮ್ ಇರುವ ಆಂಪೂಲಿನಿಂದ, 0.04 ಮಿಲಿಲೀಟರ್ ಮಾತ್ರ. ಇಷ್ಟು ಸಣ್ಣ ಅಳತೆಯನ್ನು ಗಾಬರಿಯಲ್ಲಿ ಎಳೆಯುವುದು ಕಷ್ಟವಾದ್ದರಿಂದ ತೂಕವಾರು ಲೆಕ್ಕದ ಪಟ್ಟಿ ಗೋಡೆಯ ಮೇಲಿರಬೇಕು, ಒಂದು ಮಿಲಿಲೀಟರಿನ ಸಣ್ಣ ಸಿರಿಂಜ್ ಪಕ್ಕದಲ್ಲೇ ಇರಬೇಕು. ಅದರ ಜತೆಗೆ ಆಮ್ಲಜನಕ, ರಕ್ತನಾಳಕ್ಕೆ ಸಲೈನ್. ಏವಿಲ್ ಎಂಬ ಅಲರ್ಜಿನಿರೋಧಕ ಇಂಜೆಕ್ಷನ್ನೂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡೂ ನಮ್ಮ ದವಾಖಾನೆಗಳಲ್ಲಿ ಮೊದಲು ಕೈಗೆ ಸಿಗುವ ಔಷಧಗಳು. ತುರಿಕೆಗೆ, ಮುಖದ ಊತಕ್ಕೆ ಅವು ಸಾಕು. ಆದರೆ ಉಸಿರು ಕಟ್ಟಿದ, ರಕ್ತದೊತ್ತಡ ಕುಸಿದ ಬೆಕ್ಕಿಗೆ ಅವನ್ನಷ್ಟೇ ಕೊಟ್ಟು ಕಾಯುವುದು ಹೊತ್ತು ಕಳೆದಂತೆ. ಸ್ಟೀರಾಯ್ಡ್ ಕೆಲಸ ಮಾಡಲು ಗಂಟೆಗಳೇ ಬೇಕು. ಅಡ್ರಿನಲಿನ್ ದುಬಾರಿಯೂ ಅಲ್ಲ, ಅಪರೂಪದ್ದೂ ಅಲ್ಲ. ಮನುಷ್ಯರ ಅತ್ಯಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಅವಧಿ ಮುಗಿಯದ ಒಂದು ಆಂಪೂಲ್ ಇದೆಯೇ ಎಂದು ಲಸಿಕೆಗೆ ಮೊದಲು ಕೇಳುವುದು ವೈದ್ಯರಿಗೆ ಅವಮಾನವಲ್ಲ. ಚೇತರಿಸಿಕೊಂಡ ಬೆಕ್ಕಿನಲ್ಲೂ ಕೆಲವು ಗಂಟೆಗಳ ಮೇಲೆ ಲಕ್ಷಣಗಳು ಮರುಕಳಿಸಬಹುದು, ಆದ್ದರಿಂದ ಆ ದಿನ ದವಾಖಾನೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡ ನಾವೆಲ್ಲ ಕೇಂದ್ರದಲ್ಲಿ 30 ನಿಮಿಷ ಕುರ್ಚಿಯ ಮೇಲೆ ಕೂತು ಬಂದವರೇ. ಯಾಕೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಬೆಕ್ಕಿನ ವಿಷಯಕ್ಕೆ ಬಂದರೆ ಸೂಜಿ ತೆಗೆದ ಮರುಕ್ಷಣ ಬುಟ್ಟಿಯ ಬಾಗಿಲು ಹಾಕಿ ಸ್ಕೂಟರ್ ಏರುತ್ತೇವೆ. ಕಾಯುವ ಕೋಣೆಯಲ್ಲಿ ನಾಯಿಗಳು ಬೊಗಳುತ್ತಿದ್ದರೆ ಬೆಕ್ಕಿನೊಂದಿಗೆ ಅಲ್ಲಿ ಕೂರುವುದು ಸುಲಭವಲ್ಲ ಎಂಬುದು ನಿಜ. ಹಾಗಿದ್ದರೆ ದವಾಖಾನೆಯ ಹೊರಗೆ, ನೆರಳಿನಲ್ಲಿ ನಿಲ್ಲಿಸಿದ ಕಾರಿನಲ್ಲಿ, ಹತ್ತಿರದ ಕಟ್ಟೆಯ ಮೇಲೆ ಕೂರಬಹುದು. ಅರ್ಧ ಗಂಟೆ ಕರೆದರೆ ಕೇಳಿಸುವಷ್ಟು ದೂರದಲ್ಲಿದ್ದರೆ ಸಾಕು. ಮನೆಗೇ ಬಂದು ಲಸಿಕೆ ಹಾಕುವ ವ್ಯವಸ್ಥೆ ಬೆಕ್ಕಿನ ಭಯದ ದೃಷ್ಟಿಯಿಂದ ಚೆನ್ನಾಗಿದೆ, ನಾನು ಅದರ ವಿರೋಧಿಯಲ್ಲ. ಆದರೆ ಬಂದ ವೈದ್ಯರ ಚೀಲದಲ್ಲಿ ಅಡ್ರಿನಲಿನ್ ಇರಬೇಕು, ಅವರು ಒಂದು ಚಹಾ ಕುಡಿದು ಹೊರಡುವಷ್ಟು ಹೊತ್ತಾದರೂ ಕೂರಬೇಕು. ಜುಲೈ 6ರ ವಿಶ್ವ ಪ್ರಾಣಿಜನ್ಯ ರೋಗ ದಿನದಂದು ನಡೆಯುವ ಉಚಿತ ರೇಬಿಸ್ ಲಸಿಕೆ ಶಿಬಿರಗಳು ಬಹಳ ಉಪಕಾರದ ಕೆಲಸ. ಹಿಂದೆ ಒಮ್ಮೆ ಅಲರ್ಜಿ ಆದ ಬೆಕ್ಕನ್ನು ಮಾತ್ರ ಅಲ್ಲಿಗೆ ಒಯ್ಯಬಾರದು.

ಲಸಿಕೆಯ ದಿನ ಬೆಳಿಗ್ಗೆಯೇ ಹೋಗಬೇಕೆನ್ನಲು ಇನ್ನೊಂದು ಕಾರಣವೂ ಇದೆ. ರಾತ್ರಿ ಎಂಟಕ್ಕೆ ಹಾಕಿಸಿ ಹತ್ತಕ್ಕೆ ತೊಂದರೆ ಶುರುವಾದರೆ ಈ ಊರುಗಳಲ್ಲಿ ತೆರೆದಿರುವ ಬಾಗಿಲು ಹುಡುಕುವುದೇ ಒಂದು ಪಾಡು.

ಮನೆಯಲ್ಲಿ ಏನು ಮಾಡಬಾರದು ಎಂಬುದನ್ನು ದೊಡ್ಡ ದನಿಯಲ್ಲಿ ಹೇಳಬೇಕು. ಪ್ಯಾರಾಸಿಟಮಾಲ್ ಕೊಡಬಾರದು. ಲಸಿಕೆಯ ನಂತರ ಮಗುವಿಗೆ ಜ್ವರ ಬಂದರೆ ಅದನ್ನು ಕೊಟ್ಟು ಅಭ್ಯಾಸವಾದ ಕೈ, ಬೆಕ್ಕಿನ ಮೈ ಬಿಸಿಯಾದಾಗಲೂ ಅದೇ ಡಬ್ಬಿಗೆ ಹೋಗುತ್ತದೆ. ಈ ಔಷಧವನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಆಮ್ಲಜನಕ ಹೊರುವುದನ್ನು ಬಿಡುತ್ತದೆ, ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ. ಒಂದು ಡೋಲೊ 650 ಬೆಕ್ಕಿನ ಜೀವ ತೆಗೆಯಲು ಸಾಕು. ಅದಕ್ಕಿಂತ ಅಪಾಯದ ಸಂಗತಿ, ಈ ವಿಷದಿಂದಲೂ ಬೆಕ್ಕಿನ ಮುಖ ಮತ್ತು ಪಂಜ ಊದಿಕೊಳ್ಳುತ್ತವೆ. ನೋಡಿದವರು ಲಸಿಕೆಯ ಅಲರ್ಜಿಯೆಂದೇ ತಿಳಿಯುತ್ತಾರೆ, ಮಾತ್ರೆ ಕೊಟ್ಟ ಸಂಗತಿ ಹೇಳದಿದ್ದರೆ ವೈದ್ಯರೂ ದಾರಿ ತಪ್ಪುತ್ತಾರೆ. ಅಲರ್ಜಿಗೆಂದು ಮನೆಯಲ್ಲಿರುವ ನೆಗಡಿ ಮಾತ್ರೆ ಕೊಡುವುದೂ ಇದೇ ಗುಂಡಿಗೆ ಬೀಳುವ ದಾರಿ, ಏಕೆಂದರೆ ಅಂಥ ಎಷ್ಟೋ ಮಾತ್ರೆಗಳಲ್ಲಿ ಅಲರ್ಜಿ ಔಷಧದ ಜತೆ ಪ್ಯಾರಾಸಿಟಮಾಲ್ ಬೆರೆತಿರುತ್ತದೆ. ಕೊಟ್ಟುಬಿಟ್ಟಿದ್ದರೆ ಮುಚ್ಚಿಡದೆ ಹೇಳಬೇಕು. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ, ಬೇಗ ಕೊಟ್ಟಷ್ಟೂ ಉಳಿಯುವ ಸಾಧ್ಯತೆ ಹೆಚ್ಚು. ವಾಂತಿ ಮಾಡುತ್ತಿರುವ, ಏದುಸಿರಿನ ಬೆಕ್ಕಿನ ಬಾಯಿಗೆ ನೀರು, ಹಾಲು, ಅರಿಸಿನದ ಕಷಾಯ ಯಾವುದನ್ನೂ ಹಾಕಬಾರದು. ತಣ್ಣಗಿನ ಕತ್ತಲ ಬುಟ್ಟಿಯಲ್ಲಿಟ್ಟು, ದವಾಖಾನೆಗೆ ಫೋನ್ ಮಾಡುತ್ತಲೇ ಹೊರಡಬೇಕು. ಹೊರಡುವ ಮೊದಲು ಫೋನಿನಲ್ಲಿ ಒಂದು ಚಿಕ್ಕ ವಿಡಿಯೊ ತೆಗೆದರೆ ವೈದ್ಯರಿಗೆ ನೂರು ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ಈಗ ಎರಡನೆಯ ಪ್ರಶ್ನೆಗೆ ಬರೋಣ: ಮುಂದಿನ ಸಲ? ಬರೀ ಮಂಕು, ಜ್ವರ ಬಂದಿದ್ದರೆ ಏನನ್ನೂ ಬದಲಿಸಬೇಕಿಲ್ಲ. ಮುಖ ಊದಿದ್ದರೆ, ತುರಿಕೆ ಅಥವಾ ಒಂದೆರಡು ವಾಂತಿ ಆಗಿದ್ದರೆ ಲಸಿಕೆ ನಿಲ್ಲಿಸದೆ ಕ್ರಮ ಬದಲಿಸಬಹುದು. ಪ್ಯಾನ್‌ಲ್ಯುಕೋಪೆನಿಯಾ, ಹರ್ಪಿಸ್, ಕ್ಯಾಲಿಸಿ ಮೂರಕ್ಕೂ ಸೇರಿಸಿ ಕೊಡುವ ತ್ರಿವಳಿ ಲಸಿಕೆ ಮತ್ತು ರೇಬಿಸ್ ಲಸಿಕೆಯನ್ನು ಒಂದೇ ದಿನ ಹಾಕುವುದು ಬಿಡಿ. ನಡುವೆ ಮೂರು ವಾರ ಬಿಟ್ಟರೆ ಯಾವುದಕ್ಕೆ ದೇಹ ಸಿಟ್ಟಾಯಿತೆಂಬುದೂ ತಿಳಿಯುತ್ತದೆ. ಎರಡು ಸಲ ಹೋಗುವ ತ್ರಾಸು ಉಳಿಸಲು ಎರಡನ್ನೂ ಒಟ್ಟಿಗೆ ಹಾಕಿಸುವವರೇ ಹೆಚ್ಚು, ಆರೋಗ್ಯವಂತ ಬೆಕ್ಕಿಗೆ ಅದು ತಪ್ಪೂ ಅಲ್ಲ. ಒಮ್ಮೆ ಅಲರ್ಜಿ ಕಂಡ ಬೆಕ್ಕಿಗೆ ಮಾತ್ರ ಆ ಉಳಿತಾಯ ಬೇಡ. ವೈದ್ಯರು ಸೂಜಿಗೆ ಅರ್ಧ ಗಂಟೆ ಮೊದಲು ಅಲರ್ಜಿನಿರೋಧಕ ಕೊಡುವುದುಂಟು, ಜತೆಗೆ ಒಂದು ಸಾಧಾರಣ ಡೋಸ್ ಸ್ಟೀರಾಯ್ಡ್ ಕೂಡ. ಇದು ಸಣ್ಣ ಅಲರ್ಜಿಯನ್ನು ತಗ್ಗಿಸುತ್ತದೆ, ದೊಡ್ಡ ಆಘಾತವನ್ನು ತಡೆಯುತ್ತದೆಂಬ ಭರವಸೆ ಇಲ್ಲ. ಅಂಥ ಬೆಕ್ಕಿಗೆ ಒಂದೆರಡು ಗಂಟೆಯಾದರೂ ಕಾವಲು ಬೇಕು. ಅರ್ಧ ಡೋಸ್ ಹಾಕಿಸೋಣ ಎಂಬ ಕೋರಿಕೆಗೆ ಒಳ್ಳೆಯ ವೈದ್ಯರು ಒಪ್ಪಬಾರದು. ಮಾತ್ರೆಯಂತೆ ಲಸಿಕೆಯನ್ನು ತೂಕಕ್ಕೆ ತಕ್ಕಂತೆ ಕೊಡುವುದಿಲ್ಲ. ಅರ್ಧದಿಂದ ಅಲರ್ಜಿ ತಪ್ಪುವ ಖಾತ್ರಿಯಿಲ್ಲ, ರಕ್ಷಣೆ ಸಿಗದೇ ಹೋಗಬಹುದು.

ಬೆಕ್ಕಿಗೆ ಪ್ರತಿ ವರ್ಷ ಎಲ್ಲ ಲಸಿಕೆಯೂ ಬೇಕೇ ಎಂಬುದನ್ನೂ ಕೇಳಿಕೊಳ್ಳಬೇಕು. ವಿಶ್ವ ಸಣ್ಣಪ್ರಾಣಿ ಪಶುವೈದ್ಯ ಸಂಘದ 2024ರ ಮಾರ್ಗಸೂಚಿಯ ಪ್ರಕಾರ ಮರಿಗಳಿಗೆ 6ರಿಂದ 8 ವಾರಕ್ಕೆ ಆರಂಭಿಸಿ 16 ವಾರ ತುಂಬುವವರೆಗೆ ಲಸಿಕೆ ಮುಂದುವರಿಸಬೇಕು, ಆರು ತಿಂಗಳ ಹೊತ್ತಿಗೆ ಇನ್ನೊಂದು. ಆಮೇಲೆ ಮನೆಯೊಳಗೇ ಇರುವ, ಅಪಾಯ ಕಡಿಮೆಯಿರುವ ಬೆಕ್ಕಿಗೆ ಜೀವಂತ ತ್ರಿವಳಿ ಲಸಿಕೆ ಮೂರು ವರ್ಷಕ್ಕೊಮ್ಮೆಗಿಂತ ಹೆಚ್ಚು ಬೇಕಿಲ್ಲ. ಅಲರ್ಜಿಯ ಬೆಕ್ಕಿಗೆ ಇದು ದೊಡ್ಡ ನೆಮ್ಮದಿ. ಪ್ಯಾನ್‌ಲ್ಯುಕೋಪೆನಿಯಾ ವಿಷಯದಲ್ಲಿ ರಕ್ತಪರೀಕ್ಷೆಯಿಂದ ಪ್ರತಿಕಾಯ ಇದೆಯೇ ಎಂದು ನೋಡಿ, ಇದ್ದರೆ ಸೂಜಿಯನ್ನು ಮುಂದೂಡಬಹುದು. ಹರ್ಪಿಸ್, ಕ್ಯಾಲಿಸಿಗಳಿಗೆ ಈ ಪರೀಕ್ಷೆಯನ್ನು ಅಷ್ಟು ನಂಬಲಾಗದು.

ಅಲರ್ಜಿಯಲ್ಲದಿದ್ದರೂ ಅದರ ಜತೆ ಸೇರಿಸಿ ಹೇಳಬೇಕಾದದ್ದು ಗಂಟಿನ ವಿಷಯ. ನೋಬಿವ್ಯಾಕ್ ಟ್ರೈಕ್ಯಾಟ್ ಟ್ರಯೋದಂಥ ಜೀವಂತ ತ್ರಿವಳಿ ಲಸಿಕೆಯಲ್ಲಿ ದೇಹದ ಪ್ರತಿಕ್ರಿಯೆ ಹೆಚ್ಚಿಸುವ ಪ್ರಚೋದಕ ಬೆರೆಸಿರುವುದಿಲ್ಲ. ರಕ್ಷಾರ್ಯಾಬ್‌ನಂಥ ನಿರ್ಜೀವ ರೇಬಿಸ್ ಲಸಿಕೆಯಲ್ಲಿ ಪ್ರಚೋದಕವಾಗಿ ಅಲ್ಯೂಮಿನಿಯಂ ಲವಣವಿರುತ್ತದೆ. ಇಂಥದ್ದು ಚುಚ್ಚಿದಲ್ಲಿ ಸಣ್ಣ ಗಂಟು ಉಳಿದು ಕೆಲವು ವಾರಗಳಲ್ಲಿ ಕರಗುವುದು ಸಾಮಾನ್ಯ. ತಿಕ್ಕಬಾರದು, ಬಿಸಿ ಶಾಖ ಕೊಡಬಾರದು. 1991ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞರು ಬೆಕ್ಕುಗಳಲ್ಲಿ ಚುಚ್ಚಿದ ಜಾಗದಲ್ಲೇ ಹುಟ್ಟುವ ಕ್ಯಾನ್ಸರ್ ಗಡ್ಡೆಯತ್ತ ಮೊದಲು ಗಮನ ಸೆಳೆದರು. ಅದು ಬಹಳ ವಿರಳ, ಹತ್ತು ಸಾವಿರಕ್ಕೆ ಒಂದರ ಆಸುಪಾಸು. ಗಂಟು ಮೂರು ತಿಂಗಳಾದರೂ ಉಳಿದರೆ, ಎರಡು ಸೆಂಟಿಮೀಟರ್ ಮೀರಿದರೆ, ಒಂದು ತಿಂಗಳ ನಂತರವೂ ಬೆಳೆಯುತ್ತಿದ್ದರೆ ಚೂರು ತೆಗೆದು ಪರೀಕ್ಷಿಸಬೇಕೆಂಬುದು ಈಗ ಎಲ್ಲೆಡೆ ಒಪ್ಪಿದ ನಿಯಮ. ಇದೇ ಕಾರಣಕ್ಕೆ ಹೆಗಲ ನಡುವಿನ ಚರ್ಮದಲ್ಲಿ ಚುಚ್ಚುವುದನ್ನು ಬಿಟ್ಟು ಕಾಲಿನ ಕೆಳಭಾಗದಲ್ಲೋ ಬಾಲದಲ್ಲೋ ಚುಚ್ಚುವ ರೂಢಿ ಬಂದಿದೆ, ಗಡ್ಡೆಯಾದರೂ ಆ ಭಾಗವನ್ನು ತೆಗೆದು ಜೀವ ಉಳಿಸಬಹುದೆಂದು. ನಮ್ಮಲ್ಲಿ ಅನೇಕ ಕಡೆ ಇನ್ನೂ ಹೆಗಲ ನಡುವೆಯೇ ಹಾಕುತ್ತಾರೆ. ಕಾಲಿಗೆ ಹಾಕಿ ಎಂದು ಕೇಳುವ ಹಕ್ಕು ಸಾಕುವವರಿಗಿದೆ.

ಇವೆಲ್ಲ ನಡೆಯಬೇಕಾದರೆ ಲಸಿಕೆ ಪುಸ್ತಕದಲ್ಲಿ ಸ್ಟಿಕರ್ ಅಂಟಿಸಿ ಸಹಿ ಹಾಕಿದರೆ ಸಾಲದು. ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ಯಾವ ಕಾಲಿಗೆ, ಎಷ್ಟು ಗಂಟೆಗೆ, ಎಷ್ಟು ನಿಮಿಷದ ಮೇಲೆ ಏನಾಯಿತು, ಏನು ಕೊಟ್ಟಾಗ ಇಳಿಯಿತು, ಇಷ್ಟನ್ನೂ ಬರೆಸಿಕೊಳ್ಳಬೇಕು. ಬೆಂಗಳೂರಿನ ಎಚ್‌ಎಎಲ್‌ನಿಂದ ನಾಶಿಕ್ ಪಕ್ಕದ ಓಝರ್ ಘಟಕಕ್ಕೆ ವರ್ಗವಾಗಿ ಹೋಗುವಂಥ ಕನ್ನಡ ಕುಟುಂಬಗಳಿಗೆ ಇದು ಇನ್ನೂ ಮುಖ್ಯ. ಊರು ಬದಲಾದಾಗ ಹಿಂದಿನ ವೈದ್ಯರ ನೆನಪು ಜತೆಗೆ ಬರುವುದಿಲ್ಲ, ಹೊಸ ವೈದ್ಯರ ಮುಂದೆ ಅರೆಬರೆ ಮರಾಠಿಯಲ್ಲಿ ‘ಹೋದ ಸಲ ಏನೋ ಆಗಿತ್ತು’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ವೈದ್ಯರು ಆ ಬ್ಯಾಚ್ ಸಂಖ್ಯೆಯೊಂದಿಗೆ ಕಂಪನಿಗೂ ತಿಳಿಸಬೇಕು. ಬರೆದಿಟ್ಟದ್ದರ ಬೆಲೆ ದೊಡ್ಡದು: ಪಶುವೈದ್ಯದಲ್ಲಿ ಬಳಸಿದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ ರಣಹದ್ದುಗಳನ್ನು ಕೊಲ್ಲುತ್ತಿದೆ ಎಂದು ತಿಳಿದು, 2006ರಲ್ಲಿ ಅದರ ಮೇಲೆ ನಿಷೇಧ ಬಂದದ್ದು ಸತ್ತ ಹಕ್ಕಿಗಳನ್ನು ಎಣಿಸಿ, ಪರೀಕ್ಷಿಸಿ, ಬರೆದಿಟ್ಟವರಿಂದ.

ಉಸಿರು ಕಟ್ಟಿ ಸಾವಿನ ಬಾಗಿಲಿಗೆ ಹೋಗಿ ಬಂದ ಬೆಕ್ಕಿಗೆ ಅದೇ ಲಸಿಕೆಯನ್ನು ಮತ್ತೆ ಹಾಕಬಾರದು. ಅದು ಇನ್ನು ಮನೆಯೊಳಗಿನ ಬೆಕ್ಕು. ಬಾಲ್ಕನಿಗೆ ಜಾಲರಿ ಬೇಕು, ಚಪ್ಪಲಿ ಹೊರಗೇ ಬಿಡಬೇಕು, ಬೀದಿಯ ಮರಿಯನ್ನು ಕೆಲವು ವಾರ ಬೇರೆ ಇಡದೆ ಒಳಗೆ ತರಬಾರದು. ಮನೆಯ ಉಳಿದ ಬೆಕ್ಕು ನಾಯಿಗಳ ಲಸಿಕೆ ತಪ್ಪಬಾರದು. ರೇಬಿಸ್ ಲಸಿಕೆ ಅಸಾಧ್ಯವಾದರೆ ಅದನ್ನು ಸಾಕುವವರೇ ಮುಂಚಿತ ರೇಬಿಸ್ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆ ತಮ್ಮ ವೈದ್ಯರನ್ನು ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಸಲಹೆಯಂತೆ ಮೊದಲ ದಿನ ಮತ್ತು ಏಳನೆಯ ದಿನ, ಎರಡೇ ಭೇಟಿ. ಹಾಗೆ ಹಾಕಿಸಿಕೊಂಡವರು ಮುಂದೆ ಕಚ್ಚಿಸಿಕೊಂಡರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅವರಿಗೆ ಆ ದಿನ ಮತ್ತು ಮೂರನೆಯ ದಿನ ಒಂದೊಂದು ಬೂಸ್ಟರ್ ಸಾಕಾಗುತ್ತದೆ, ಇಮ್ಯುನೊಗ್ಲೋಬುಲಿನ್ ಬೇಕಾಗುವುದಿಲ್ಲ.